ಬಾಲದ ಕಡೆಯಿಂದ ಬಾ, ಮರಿ!

ರಜೆಗೆ ಅರಸೀಕೆರೆಗೆ ಬಂದ ಮೊಮ್ಮಗ ತನ್ನ ಅಜ್ಜಿಯ ಮಾತ್ರೆಗಳ ಪಟ್ಟಿಯನ್ನು ಪೈಥಾನ್‌ನಲ್ಲಿ ಬರೆದಿದ್ದ. ಡಾಕ್ಟರು ಎರಡು ಮಾತ್ರೆ ನಿಲ್ಲಿಸಿದರು. ‘ನಿಲ್ಲಿಸಿದ್ದನ್ನೆಲ್ಲ ತೆಗೆ’ ಎಂದು ಪ್ರೋಗ್ರಾಮ್‌ಗೆ ಹೇಳಿದ. ಒಂದು ಹೋಯಿತು, ಪಕ್ಕದ್ದು ಉಳಿಯಿತು! ಅಜ್ಜಿ ಡಾಕ್ಟರ ಚೀಟಿ ನೋಡದಿದ್ದರೆ ಬೇಡದ ಮಾತ್ರೆ ನುಂಗಿರುತ್ತಿದ್ದಳು.

“ಕಂಪ್ಯೂಟರ್ ಮೋಸ ಮಾಡ್ತು ತಾತ” ಅಂದ.

ನಾನು ಬಿ.ಕಾಂ. ಓದಿದ ಬ್ಯಾಂಕ್ ಗುಮಾಸ್ತ. ಆದರೆ ನಮ್ಮೂರಲ್ಲಿ ತೆಂಗಿನಕಾಯಿಗೆ ಬರವೇ? ಐದು ಕಾಯಿ ಸಾಲಾಗಿ ಇಟ್ಟೆವು. ಪೈಥಾನ್ ಸೊನ್ನೆಯಿಂದ ಎಣಿಸುವುದರಿಂದ ಸ್ಥಾನಗಳು 0, 1, 2, 3, 4. ಅದರಲ್ಲಿ 1 ಮತ್ತು 2ನೆಯವು ಕೊಳೆತ ಕಾಯಿ ಎಂದುಕೊಂಡೆವು.

ಮುಂದಿನಿಂದ ಹೊರಟೆವು. 1ರಲ್ಲಿದ್ದ ಕೊಳೆತದ್ದನ್ನು ತೆಗೆದ ಕೂಡಲೇ ಉಳಿದವು ಒಂದೊಂದು ಸ್ಥಾನ ಹಿಂದೆ ಸರಿದವು. 2ರಲ್ಲಿದ್ದ ಕೊಳೆತ ಕಾಯಿ 1ಕ್ಕೆ ಬಂತು. ಕಂಪ್ಯೂಟರ್ ಮಾತ್ರ ‘1 ನೋಡಿಯಾಯಿತು’ ಎಂದು 2ಕ್ಕೆ ಹೋಯಿತು. ಕೊಳೆತದ್ದು ತಪ್ಪಿಸಿಕೊಂಡಿತು!

ಈಗ ಬಾಲದಿಂದ ಬಂದೆವು: 4, 3, 2. ಎರಡನೆಯದನ್ನು ತೆಗೆದರೆ ಸರಿಯುವವು 3 ಮತ್ತು 4. ಅವನ್ನು ಆಗಲೇ ನೋಡಿಯಾಗಿದೆ. ಇನ್ನೂ ನೋಡಬೇಕಾದ 1 ಮತ್ತು 0 ಕದಲುವುದೇ ಇಲ್ಲ. ಯಾವುದೂ ತಪ್ಪುವುದಿಲ್ಲ. ಪೈಥಾನ್‌ನಲ್ಲಿ ಇದಕ್ಕೆ ‘ರಿವರ್ಸ್ಡ್’ ಎಂಬ ಸಿದ್ಧ ಪದವಿದೆ. ಅದು ಪಟ್ಟಿಯನ್ನು ತಿರುಗಿಸಿ ಇನ್ನೊಂದು ಪ್ರತಿ ಮಾಡುವುದಿಲ್ಲ. ಇದ್ದ ಪಟ್ಟಿಯಲ್ಲೇ ಕೊನೆಯಿಂದ ನಡೆಯುತ್ತದೆ, ಅಷ್ಟೆ.

“ಹಾಗಾದ್ರೆ ಹಳೇಬೀಡಿನ ಆನೆಗಳು?” ಹಿಂದಿನ ದಿನವಷ್ಟೇ ಹೊಯ್ಸಳೇಶ್ವರ ದೇವಸ್ಥಾನದ ಗೋಡೆಯ ಕೆಳಸಾಲಿನ ಆನೆಗಳನ್ನು ಎಣಿಸಲು ಹೊರಟು ಸುಸ್ತಾಗಿದ್ದ.

“ಅವು ಕಲ್ಲಿನವು ಮರಿ, ಸರಿಯೋದಿಲ್ಲ. ಯಾವ ಕಡೆಯಿಂದ ಎಣಿಸಿದರೂ ಒಂದೇ. ಸಾಲು ಕದಲುವಾಗ ಮಾತ್ರ ದಿಕ್ಕು ಮುಖ್ಯ.”

ಇನ್ನೊಂದು ಮಾತು. ಹಿಂದಿನಿಂದ ಬರಬೇಕಾದರೆ ಮೊದಲು ಸಾಲು ಇರಬೇಕು. ಪೈಥಾನ್‌ನ ‘ಸೆಟ್’ ಎಂಬ ಸಂಗ್ರಹ ಚೀಲದಲ್ಲಿ ಸುರಿದ ಅಡಿಕೆಯಂತೆ; ಅದರಲ್ಲಿ ಮೊದಲು, ಕೊನೆ ಎಂಬುದಿಲ್ಲ. ಅದಕ್ಕೆ ‘ರಿವರ್ಸ್ಡ್’ ಹೇಳಿದರೆ ಪೈಥಾನ್ ಒಪ್ಪುವುದಿಲ್ಲ.

ಲೆಡ್ಜರ್ ಕಾಲದಲ್ಲಿ ನಾನೂ ಮೊತ್ತವನ್ನು ಮೇಲಿಂದ ಕೂಡಿ, ಮತ್ತೆ ಕೆಳಗಿಂದ ಕೂಡುತ್ತಿದ್ದೆ. ಒಂದೇ ದಾರಿಯಲ್ಲಿ ಎರಡು ಸಲ ಹೋದರೆ ಕಣ್ಣು ಅದೇ ಕಡೆ ಎಡವುತ್ತದೆ.

ಮೊಮ್ಮಗ ಪ್ರೋಗ್ರಾಮ್ ತಿದ್ದಿದ. ಎರಡು ಮಾತ್ರೆಯೂ ಪಟ್ಟಿಯಿಂದ ಹೋದವು. ಆದರೂ ಅಜ್ಜಿ ಡಾಕ್ಟರ ಚೀಟಿ ಹಿಡಿದು ಮತ್ತೊಮ್ಮೆ ನೋಡಿದಳು. ಅದೂ ಸರಿಯೇ.

ಮಕ್ಕಳೇ, ಐದು ಹುಣಸೆಬೀಜ ಜೋಡಿಸಿ ನೀವೂ ಆಡಿ. ಕೊಳೆತವು ಅಕ್ಕಪಕ್ಕ ಇಲ್ಲದೆ 1 ಮತ್ತು 3ರಲ್ಲಿದ್ದರೆ ಮುಂದಿನಿಂದ ಹೋದರೂ ಎರಡೂ ಸಿಗುತ್ತವೆಯೇ? ತಾತ, ಅಜ್ಜಿಯನ್ನು ಕೂರಿಸಿಕೊಂಡು ನೋಡಿ.