ಸೌಟು ತಾಗದ ಸಾರು

ಹಳಗನ್ನಡದ ಪಾಠ ಹೇಳುವ ನಾನು ಮೀನಿನ ಪಾಠವನ್ನು ಕಲಿತದ್ದು ಮೂವತ್ತು ದಾಟಿದ ಮೇಲೆ. ಕಣ್ಣಿನ ಪೊರೆ ತೆಗೆಸಿಕೊಳ್ಳಲು ಮಂಗಳೂರಿನಿಂದ ಬಂದ ಅಮ್ಮನಿಗೆ ವೈದ್ಯರು ಒಲೆಯ ಬಳಿ ಸುಳಿಯಬಾರದೆಂದಿದ್ದರು. ಘಟ್ಟದ ಮೇಲಿನವಳಾದ ನನ್ನಾಕೆಗೆ ಮೀನು ಅಪರಿಚಿತ. ಬೂತಾಯಿಯ ಸಾರನ್ನು ನಾನೇ ಶ್ರದ್ಧೆಯಿಂದ ತಿರುವುತ್ತಿದ್ದೆ. ಸೌಟಿನ ಸದ್ದಿಗೆ ಹೊರಗಿನಿಂದ ಕೂಗು ಬಂತು: "ಸೌಟು ಕೆಳಗಿಡು ಮಗಾ! ಆಡಿಸಬೇಕಾದದ್ದು ಪಾತ್ರೆಯನ್ನು, ಮೀನನ್ನಲ್ಲ." ಆ ವೇಳೆಗೆ ಕೆಲಸ ಕೆಟ್ಟಿತ್ತು, ಅಂದು ನಾವು ಉಂಡದ್ದು ಮುಳ್ಳಿನ ಸಾರು.

ಮರುದಿನದಿಂದ ಪಾಠ ಕ್ರಮವಾಗಿ ನಡೆಯಿತು. ಕಿವಿರು ಕೆಂಪಗಿದ್ದು, ಒತ್ತಿದ ಬೆರಳಿನ ಗುರುತು ಉಳಿಯದಿದ್ದರೆ ಮೀನು ತಾಜಾ. ಬಂಗುಡೆ ಕೊಬ್ಬುಳ್ಳದ್ದು; ಹುಣಿಸೆಯ ಹುಳಿಯನ್ನೂ ಮೆಣಸಿನ ಖಾರವನ್ನೂ ಧಾರಾಳವಾಗಿ ತಾಳಬಲ್ಲದು. ಕಾಣೆ ಬಲು ಮೃದು. ರವೆಯ ಹೊದಿಕೆಯೊಡನೆ ಕಾವಲಿಗೆ ಇಳಿಯಬೇಕು. ಅಂಜಲಿನ ತುಂಡುಗಳಿಗೆ ಉಪ್ಪು, ಅರಸಿನ, ಮೆಣಸು ಸವರಿ ಅರ್ಧ ಗಂಟೆ ಬಿಡಬೇಕು. ಸಾರಿಗಾದರೆ ಮಸಾಲೆ ಮೊದಲು ಕುದಿಯಬೇಕು, ಮೀನು ಕೊನೆಗೆ ಬೀಳಬೇಕು.

ಹತ್ತನೆಯ ದಿನ ಅಮ್ಮ ತಟ್ಟೆಯಲ್ಲಿ ಇಡಿಯಾಗಿ ಮಲಗಿದ್ದ ಬೂತಾಯಿಯನ್ನು ಹೊಸ ಕಣ್ಣಿನಿಂದ ದಿಟ್ಟಿಸಿ, "ಇನ್ನು ನಾನು ನಿಶ್ಚಿಂತೆಯಿಂದ ಊರಿಗೆ ಹೊರಡಬಹುದು" ಎಂದಳು. ಪರೀಕ್ಷೆಯಲ್ಲಿ ತೇರ್ಗಡೆಯಾದ ಆ ಕ್ಷಣದಲ್ಲಿ, ಒಂದೆರಡು ಮೀನು ಒಡೆದಿದ್ದರೇ ಚೆನ್ನಾಗಿತ್ತೆಂದು ನನಗೆ ತೋರಿತು.