ಬಿ.ಪಿ. ಚಾರ್ಟ್ ಅಂಕಪಟ್ಟಿಯಲ್ಲ

ಕೆಲವು ತಿಂಗಳ ಹಿಂದೆ ನಿವೃತ್ತ ಮೇಷ್ಟ್ರೊಬ್ಬರು ನನ್ನ ಕ್ಲಿನಿಕ್ಕಿಗೆ ಬಂದಿದ್ದರು. ವಯಸ್ಸು 67. ಐದಾರು ವರ್ಷಗಳಿಂದ ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿರುವವರು. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಮಗ ಅವರಿಗೊಂದು ಬಿ.ಪಿ. ಯಂತ್ರ ತಂದುಕೊಟ್ಟು, ಸ್ಪ್ರೆಡ್‌ಶೀಟಿನಲ್ಲಿ ಒಂದು ಚಾರ್ಟನ್ನೂ ಮಾಡಿಕೊಟ್ಟಿದ್ದ. ತಂದೆ ದಿನವೂ ಅಂಕಿ ತುಂಬಬೇಕು, ಮಗ ಅಲ್ಲಿಂದಲೇ ನೋಡಬೇಕು. ಮೇಷ್ಟ್ರು ಫೋನು ತೆಗೆದು ನನಗೂ ತೋರಿಸಿದರು. ಮೇಲೆ ಕೆಂಪು ಬಣ್ಣದ ಗುರಿಗೆರೆ, ಅದರ ಕೆಳಗೆ ಶಿಸ್ತಾಗಿ ಸಾಗಿದ ನೀಲಿ ಗೆರೆ. ಮೂರು ತಿಂಗಳಲ್ಲಿ ಒಂದು ದಿನವೂ ನೀಲಿ ಗೆರೆ ಕೆಂಪನ್ನು ದಾಟಿರಲಿಲ್ಲ.

ಆದರೆ ನಾನು ಅಳೆದಾಗ ಬಂದದ್ದು 168/96. ಸ್ವಲ್ಪ ಹೊತ್ತು ಕೂರಿಸಿ ಮತ್ತೆ ಅಳೆದೆ. ಹೆಚ್ಚೇನೂ ಇಳಿಯಲಿಲ್ಲ. ವೈದ್ಯರನ್ನು ಕಂಡೊಡನೆ ಕೆಲವರ ಒತ್ತಡ ಏರುವುದುಂಟು. ಅದೇ ಇರಬಹುದೇ ಎಂದು, ಮರುದಿನ ಮನೆಯ ಯಂತ್ರವನ್ನೇ ತರಲು ಹೇಳಿದೆ. ಈ ಯಂತ್ರಗಳಿಗೆ ನೆನಪಿನ ಶಕ್ತಿ ಇರುತ್ತದೆ. ಗುಂಡಿ ಒತ್ತುತ್ತ ಹೋದರೆ ಹಿಂದಿನ ಅಂಕಿಗಳೆಲ್ಲ ಒಂದೊಂದಾಗಿ ಬಂದವು: 158, 162, 149, 166. ನಡುವೆ ಅಲ್ಲೊಂದು ಇಲ್ಲೊಂದು 132. ಚಾರ್ಟಿನಲ್ಲಿ ಇದ್ದದ್ದು ಆ 132ರ ಜಾತಿಯವು ಮಾತ್ರ!

ಮೇಷ್ಟ್ರು ತಲೆ ತಗ್ಗಿಸಿದರು. "ಏನು ಮಾಡಲಿ ಡಾಕ್ಟ್ರೇ, ಗೆರೆ ಮೇಲೆ ಹೋದ ದಿನ ಸಂಜೆ ಮಗನ ಫೋನು ಬರುತ್ತೆ. ಉಪ್ಪಿನಕಾಯಿ ತಿಂದ್ರಾ, ವಾಕಿಂಗ್ ತಪ್ಪಿಸಿದ್ರಾ ಅಂತ ವಿಚಾರಣೆ. ಇವಳಿಗೂ ಬೈಗುಳ. ಮೂವತ್ತು ವರ್ಷ ಮಕ್ಕಳ ಪೇಪರ್ ತಿದ್ದಿದವನು, ಕೊನೆಗೆ ನನ್ನದನ್ನೂ ತಿದ್ದಿಕೊಂಡೆ" ಎಂದರು.

ನಗು ಬಂತು. ಆದರೆ ನಗುವ ವಿಷಯವಾಗಿರಲಿಲ್ಲ. ಏಕೆಂದರೆ ಹಿಂದಿನ ಭೇಟಿಯಲ್ಲಿ ಇದೇ ಚಾರ್ಟನ್ನು ನಂಬಿ, ಮಾತ್ರೆ ಬದಲಿಸದೆ ಅವರನ್ನು ಕಳಿಸಿದವನು ನಾನೇ. ತಿದ್ದಿದ ಗೆರೆಯಿಂದಾಗಿ ಅವರ ಮಿದುಳು, ಹೃದಯ, ಮೂತ್ರಪಿಂಡಗಳು ಅಷ್ಟು ದಿನ ಹೆಚ್ಚಿನ ಒತ್ತಡವನ್ನು ಹೊತ್ತಿದ್ದವು.

ಹಾಗಾದರೆ ಚಾರ್ಟ್ ಮಾಡುವುದೇ ತಪ್ಪೇ? ಖಂಡಿತ ಅಲ್ಲ. ಬಿ.ಪಿ. ಇರುವವರ ಪ್ರತಿ ಮನೆಯಲ್ಲೂ ಇಂಥದೊಂದು ಚಾರ್ಟ್ ಇರಬೇಕೆಂಬುದು ನನ್ನ ಅಭಿಪ್ರಾಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15 ವರ್ಷ ದಾಟಿದವರ ಪೈಕಿ ನೂರಕ್ಕೆ 24 ಪುರುಷರಿಗೂ 21 ಮಹಿಳೆಯರಿಗೂ ಅಧಿಕ ರಕ್ತದೊತ್ತಡವಿದೆ. ಇದು ನೋವು ಕೊಡದ ಕಾಯಿಲೆ. ಹಲ್ಲುನೋವಿನಂತೆ ಕೂಗಿ ಕರೆಯುವುದಿಲ್ಲ. ಅನೇಕರಿಗೆ ಇದು ಗೊತ್ತಾಗುವುದು ಪಾರ್ಶ್ವವಾಯು ಬಡಿದ ಮೇಲೆಯೇ. ಮೈಗೆ ತಿಳಿಯದ್ದನ್ನು ಕಣ್ಣಿಗೆ ಕಾಣಿಸುವ ಉಪಾಯವೇ ಚಾರ್ಟ್.

ಇದು ಕಂಪ್ಯೂಟರ್ ಬಂದ ಮೇಲೆ ಹುಟ್ಟಿದ್ದೂ ಅಲ್ಲ. ಆಸ್ಪತ್ರೆಯಲ್ಲಿ ರೋಗಿಯ ಮಂಚದ ಕಾಲ್ದೆಸೆಗೆ ತೂಗುಹಾಕುತ್ತಿದ್ದ ಜ್ವರದ ಚಾರ್ಟ್ ನಿಮಗೆ ನೆನಪಿರಬಹುದು. ಜರ್ಮನಿಯ ಲೈಪ್‌ಜಿಗ್‌ನಲ್ಲಿದ್ದ ವುಂಡರ್‌ಲಿಶ್ ಎಂಬ ವೈದ್ಯರು ಸಾವಿರಾರು ರೋಗಿಗಳ ಜ್ವರವನ್ನು ಅಳೆದು, ಗೆರೆಯ ಏರಿಳಿತದಿಂದ ರೋಗದ ನಡೆಯನ್ನು ಓದಬಹುದೆಂದು 1868ರಲ್ಲೇ ಪುಸ್ತಕ ಬರೆದರು. ಜ್ವರದ ಚಾರ್ಟಿನಲ್ಲಿ ಗೆರೆ ಏರಿದರೆ ನರ್ಸಮ್ಮ ರೋಗಿಯನ್ನು ಗದರುತ್ತಿರಲಿಲ್ಲ, ವೈದ್ಯರನ್ನು ಕರೆಯುತ್ತಿದ್ದರು. ಮನೆಯ ಬಿ.ಪಿ. ಚಾರ್ಟನ್ನೂ ನಾವು ಹಾಗೆಯೇ ಕಾಣಬೇಕು. ಅದನ್ನು ಶಾಲೆಯ ಅಂಕಪಟ್ಟಿಯಂತೆ ಕಂಡರೆ, ಪಾಸಾಗುವ ಆಸೆಗೆ ಮನುಷ್ಯ ಅಂಕಿಯನ್ನು ಮರೆಮಾಚುತ್ತಾನೆ. ತಪ್ಪು ಮೇಷ್ಟ್ರೊಬ್ಬರದೇ ಅಲ್ಲ.

ಮೊದಲು ಸರಿಯಾಗಿ ಅಳೆಯಿರಿ

ಅಂಕಿಯೇ ತಪ್ಪಾದರೆ ಚಾರ್ಟ್ ಎಷ್ಟು ಅಂದವಾಗಿದ್ದರೇನು? ಮಣಿಕಟ್ಟಿಗೆ ಕಟ್ಟುವುದಕ್ಕಿಂತ ತೋಳಿಗೆ ಕಟ್ಟುವ ಯಂತ್ರ ಒಳ್ಳೆಯದು. ಅಳೆಯುವ ಅರ್ಧ ಗಂಟೆ ಮುಂಚೆ ಕಾಫಿ, ಬೀಡಿ ಸಿಗರೇಟು, ವ್ಯಾಯಾಮ ಬೇಡ. ಮೂತ್ರ ಕಟ್ಟಿಕೊಂಡು ಕೂರಬೇಡಿ. ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ, ಕಾಲ ಮೇಲೆ ಕಾಲು ಹಾಕದೆ, ಪಾದಗಳನ್ನು ನೆಲಕ್ಕೂರಿ 5 ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಬಟ್ಟೆಯ ಮೇಲೆ ಕಟ್ಟದೆ ಬರಿಯ ತೋಳಿಗೆ ಪಟ್ಟಿ ಕಟ್ಟಿ, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಡಿ. ಅಳೆಯುವಾಗ ಮಾತು ಬೇಡ, ಟಿ.ವಿ.ಯೂ ಬೇಡ. ಬೆಳಿಗ್ಗೆ ತಿಂಡಿ ಮತ್ತು ಮಾತ್ರೆಗೆ ಮುಂಚೆ ಎರಡು ಸಲ, ಸಂಜೆ ಎರಡು ಸಲ, ನಡುವೆ ಒಂದು ನಿಮಿಷ ಬಿಟ್ಟು ಅಳೆಯಿರಿ. ಬಂದ ಅಂಕಿಗಳನ್ನೆಲ್ಲ ಬರೆಯಿರಿ. ಚೆನ್ನಾಗಿರುವುದನ್ನು ಆರಿಸಿ ಬರೆಯುವುದೇ ಸುಳ್ಳಿನ ಮೊದಲ ಮೆಟ್ಟಿಲು.

ಹೀಗೆಂದು ಜೀವನವಿಡೀ ದಿನಕ್ಕೆ ನಾಲ್ಕು ಸಲ ತೋಳಿಗೆ ಪಟ್ಟಿ ಕಟ್ಟಿಕೊಂಡು ಕೂರಬೇಕಿಲ್ಲ. ವೈದ್ಯರನ್ನು ಕಾಣುವ ಮುಂಚಿನ 7 ದಿನ, ಮಾತ್ರೆ ಬದಲಾದ ನಂತರ ವೈದ್ಯರು ಹೇಳಿದಷ್ಟು ದಿನ ಅಳೆದರಾಯಿತು. ಒತ್ತಡ ಹತೋಟಿಗೆ ಬಂದ ಮೇಲೆ ವಾರಕ್ಕೆ ಒಂದೆರಡು ದಿನ ಸಾಕು.

ಚಾರ್ಟ್ ಮಾಡುವ ಬಗೆ

ಸ್ಪ್ರೆಡ್‌ಶೀಟಿನ ಮೊದಲ ಹಾಳೆಯಲ್ಲಿ ಐದು ಕಾಲಂ ಮಾಡಿ: ತಾರೀಖು, ಹೊತ್ತು, ಮೇಲಿನ ಅಂಕಿ, ಕೆಳಗಿನ ಅಂಕಿ, ಟಿಪ್ಪಣಿ. ಪ್ರತಿ ಸಲ ಅಳೆದದ್ದಕ್ಕೆ ಒಂದು ಸಾಲು. 'ರಾತ್ರಿ ನಿದ್ದೆ ಇಲ್ಲ', 'ಮದುವೆ ಊಟ', 'ಮಾತ್ರೆ ಮುಗಿದಿತ್ತು' ಎಂಬಂಥ ಎರಡು ಮಾತು ಟಿಪ್ಪಣಿಯಲ್ಲಿದ್ದರೆ ವೈದ್ಯರಿಗೆ ಬಹಳ ಉಪಯೋಗ.

ಎರಡನೆಯ ಹಾಳೆಯಲ್ಲಿ ವಾರಕ್ಕೊಂದು ಸಾಲು. ಮೊದಲ ಕಾಲಂನಲ್ಲಿ ವಾರ, ಆಮೇಲೆ ಆ ವಾರದ ಮೇಲಿನ ಅಂಕಿಗಳ ಸರಾಸರಿ, ಕೆಳಗಿನ ಅಂಕಿಗಳ ಸರಾಸರಿ. ಸರಾಸರಿ ತೆಗೆಯಲು ಆವರೇಜ್ ಎಂಬ ಸೂತ್ರ ಸ್ಪ್ರೆಡ್‌ಶೀಟಿನಲ್ಲೇ ಇದೆ. ಮುಂದಿನ ಎರಡು ಕಾಲಂಗಳಲ್ಲಿ ನಿಮ್ಮ ಗುರಿಯ ಅಂಕಿಗಳನ್ನು ಪ್ರತಿ ಸಾಲಿನಲ್ಲೂ ಹಾಗೆಯೇ ಬರೆಯಿರಿ. ಒಂದೇ ಅಂಕಿ ಎಲ್ಲ ಸಾಲಿನಲ್ಲಿದ್ದರೆ ಚಾರ್ಟಿನಲ್ಲಿ ಅದು ನೇರವಾದ ಅಡ್ಡಗೆರೆಯಾಗುತ್ತದೆ. ಅದೇ ಗುರಿಗೆರೆ. ಈ ಐದು ಕಾಲಂಗಳನ್ನು ಆರಿಸಿ, ಇನ್ಸರ್ಟ್ ಎಂಬಲ್ಲಿ ಚಾರ್ಟ್, ಅದರಲ್ಲಿ ಲೈನ್ ಎಂದು ಒತ್ತಿದರೆ ಕೆಲಸ ಮುಗಿಯಿತು.

ಎರಡು ಎಚ್ಚರಿಕೆಗಳಿವೆ. ಅಳೆಯದ ವಾರ ಮನೆಯನ್ನು ಖಾಲಿ ಬಿಡಿ, ಸೊನ್ನೆ ಹಾಕಬೇಡಿ. ಸೊನ್ನೆ ಹಾಕಿದರೆ ಗೆರೆ ಪಾತಾಳಕ್ಕಿಳಿದು ಎಲ್ಲ ಲೆಕ್ಕ ಕೆಡುತ್ತದೆ. ಇನ್ನೊಂದು, ಎಡಗಡೆಯ ಅಳತೆಯನ್ನು 60ರಿಂದ 180ರವರೆಗೆ ಎಂದು ನೀವೇ ನಿಗದಿಮಾಡಿ. ಕಂಪ್ಯೂಟರಿಗೇ ಬಿಟ್ಟರೆ ಅದು ಕೆಲವೊಮ್ಮೆ 132ರಿಂದ 136ಕ್ಕೆ ಏರಿದ್ದನ್ನೂ ಆಗುಂಬೆ ಘಾಟಿಯಂತೆ ತೋರಿಸುತ್ತದೆ. ಮನೆಯವರ ಎದೆ ಸುಮ್ಮಸುಮ್ಮನೆ ಡವಗುಟ್ಟುತ್ತದೆ.

ಫೋನು, ಕಂಪ್ಯೂಟರ್ ಒಗ್ಗದವರು ಶಾಲೆಯ ಗ್ರಾಫ್ ಹಾಳೆಯಲ್ಲಿ ಪೆನ್ಸಿಲಿನಿಂದ ಗೆರೆ ಎಳೆದರೂ ಫಲ ಅಷ್ಟೇ.

ಗುರಿ ಯಾರದು?

ಸಾಮಾನ್ಯವಾಗಿ ಕ್ಲಿನಿಕ್ಕಿನಲ್ಲಿ ಅಳೆದಾಗ 140/90ಕ್ಕಿಂತ ಕಡಿಮೆ ಇರಬೇಕೆನ್ನುತ್ತೇವೆ. ಮನೆಯಲ್ಲಿ ಒತ್ತಡ ಸ್ವಲ್ಪ ಕಡಿಮೆಯೇ ಬರುವುದರಿಂದ ಅದಕ್ಕೆ ಸಮನಾದ ಅಂಕಿ 135/85. ಆದರೆ ಸಕ್ಕರೆ ಕಾಯಿಲೆ, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇದ್ದವರಿಗೆ ಗುರಿ ಇನ್ನೂ ಕೆಳಗಿರಬಹುದು. ತೀರ ವಯಸ್ಸಾಗಿ ಬಳಲಿದವರಿಗೆ, ನಿಂತರೆ ತಲೆ ಸುತ್ತುವವರಿಗೆ ಸ್ವಲ್ಪ ಸಡಿಲವೂ ಇರಬಹುದು. ಆದ್ದರಿಂದ ಗುರಿಗೆರೆಯ ಅಂಕಿಯನ್ನು ನಿಮ್ಮ ವೈದ್ಯರಿಂದ ಕೇಳಿ ಬರೆಯಿರಿ. ಪಕ್ಕದ ಮನೆಯವರ ಗುರಿ ನಿಮಗೆ ಬೇಡ.

ಒಂದು ದಿನದ ಅಂಕಿಗೆ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. ರಕ್ತದೊತ್ತಡ ಗಳಿಗೆಗಳಿಗೆಗೂ ಬದಲಾಗುತ್ತದೆ. ವಾರದ ಸರಾಸರಿ ಎತ್ತ ಸಾಗಿದೆ ಎಂಬುದೇ ಮುಖ್ಯ. ಗುರಿ ಮುಟ್ಟಿತೆಂದು ಮಾತ್ರೆ ನಿಲ್ಲಿಸುವವರೂ ಇದ್ದಾರೆ. ಗೆರೆ ಇಳಿದದ್ದೇ ಮಾತ್ರೆಯಿಂದ, ನಿಲ್ಲಿಸಿದರೆ ಮತ್ತೆ ಏರುತ್ತದೆ. ಮಾತ್ರೆ ಹೆಚ್ಚಿಸುವುದು, ಇಳಿಸುವುದು ವೈದ್ಯರ ಕೆಲಸ.

ಒಂದು ವೇಳೆ ಅಂಕಿ 180/120 ಅಥವಾ ಅದಕ್ಕೂ ಮೇಲೆ ಬಂದರೆ 5 ನಿಮಿಷ ಕುಳಿತು ಮತ್ತೆ ಅಳೆಯಿರಿ. ಆಗಲೂ ಹಾಗೆಯೇ ಇದ್ದರೆ ತಡಮಾಡದೆ ವೈದ್ಯರಿಗೆ ತಿಳಿಸಿ. ಎದೆನೋವು, ಏದುಸಿರು, ಮಾತು ತೊದಲುವುದು, ಬಾಯಿ ಸೊಟ್ಟಗಾಗುವುದು, ಕೈಕಾಲು ಸೋಲುವುದು, ದೃಷ್ಟಿ ಮಂಜಾಗುವುದು ಇವುಗಳಲ್ಲಿ ಯಾವುದು ಕಂಡರೂ ಮತ್ತೆ ಅಳೆಯುತ್ತ ಕೂರದೆ ನೇರ ಆಸ್ಪತ್ರೆಗೆ ಹೋಗಿ. ಚಾರ್ಟ್ ಆಮೇಲೆ ತುಂಬಬಹುದು.

ಮನೆಯವರಿಗೆ ಒಂದು ಮಾತು

ಎರಡನೆಯ ಹಾಳೆಯ ಕೊನೆಯಲ್ಲಿ ಇನ್ನೆರಡು ಕಾಲಂ ಸೇರಿಸಿ: ವಾರದಲ್ಲಿ ಎಷ್ಟು ದಿನ ಮಾತ್ರೆ ತಪ್ಪದೆ ತೆಗೆದುಕೊಂಡರು, ಎಷ್ಟು ದಿನ ಅರ್ಧ ಗಂಟೆ ನಡೆದರು. ಒತ್ತಡದ ಅಂಕಿ ನಮ್ಮ ಕೈಯಲ್ಲಿ ಪೂರ್ತಿ ಇಲ್ಲ. ವಯಸ್ಸು, ವಂಶ, ನಿದ್ದೆ, ಚಿಂತೆ ಎಲ್ಲವೂ ಅದನ್ನು ಎಳೆದಾಡುತ್ತವೆ. ಮಾತ್ರೆ, ನಡಿಗೆ ಬಹುಮಟ್ಟಿಗೆ ನಮ್ಮ ಕೈಯಲ್ಲಿವೆ. ಶಭಾಷ್ ಎನ್ನುವುದಿದ್ದರೆ ಇವಕ್ಕೆ ಹೇಳಿ. ಏಳು ದಿನವೂ ಮಾತ್ರೆ ತೆಗೆದುಕೊಂಡು, ನಡೆದು, ಉಪ್ಪು ಕಡಿಮೆ ಮಾಡಿದರೂ ಗೆರೆ ಇಳಿಯದಿದ್ದರೆ ಅದು ರೋಗಿಯ ಸೋಲಲ್ಲ. ಔಷಧಿ ಬದಲಿಸಬೇಕೆಂದು ವೈದ್ಯರಿಗೆ ಬಂದ ಸೂಚನೆ.

ಉಪ್ಪಿನ ವಿಷಯದಲ್ಲೂ ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚೆಯೊಳಗೆ ಉಪ್ಪು ಸಾಕೆನ್ನುತ್ತದೆ. ಅಪ್ಪನ ತಟ್ಟೆಯಿಂದ ಉಪ್ಪಿನಕಾಯಿ, ಹಪ್ಪಳ ಕಿತ್ತು ಉಳಿದವರು ಚಪ್ಪರಿಸುವ ಬದಲು, ಮನೆಮಂದಿಗೆಲ್ಲ ಸಾರಿಗೆ ಉಪ್ಪು ಕಡಿಮೆ ಹಾಕಿ. ಎಲ್ಲರಿಗೂ ಒಳ್ಳೆಯದು.

ಮೇಷ್ಟ್ರ ಕಥೆ ಏನಾಯಿತೆಂದು ಕೇಳುತ್ತೀರಾ? ಮಗನನ್ನು ಫೋನಿನಲ್ಲಿ ಕರೆದು ಮಾತಾಡಿದೆ. ಪಾಪ, ಅವನ ಕಾಳಜಿ ನಿಜವಾದದ್ದೇ, ದೂರವಿದ್ದ ಭಯಕ್ಕೆ ಪ್ರಶ್ನೆ ಕೇಳುತ್ತಿದ್ದ. ಈಗ ಗೆರೆ ಏರಿದ ದಿನ ಅವನು ಕೇಳುವ ಪ್ರಶ್ನೆ ಒಂದೇ: "ಅಪ್ಪಾ, ಡಾಕ್ಟರಿಗೆ ತಿಳಿಸಿದ್ರಾ?" ಮಾತ್ರೆ ಬದಲಾಯಿತು. ಈಚೆಗೆ ಅವರು ತೋರಿಸಿದ ಚಾರ್ಟ್ ಮೊದಲಿನಷ್ಟು ಅಂದವಾಗಿಲ್ಲ. ಕೆಂಪು ಗೆರೆಯ ಮೇಲೇ ಶುರುವಾಗಿ, ಒಂದೆರಡು ಕಡೆ ತುಂಡಾಗಿ, ಏಳುತ್ತ ಬೀಳುತ್ತ ಇಳಿದು, ಗುರಿಯ ಹತ್ತಿರ ಬಂದಿದೆ. ಯಂತ್ರದ ನೆನಪಿಗೂ ಅದಕ್ಕೂ ತಾಳೆಯಾಗುತ್ತದೆ.

ವಕೀಲರಿಗೂ ವೈದ್ಯರಿಗೂ ಸುಳ್ಳು ಹೇಳಬಾರದು ಎನ್ನುವುದು ಹಿರಿಯರ ಮಾತು. ನಿಜ ಹೇಳಲು ಹೆದರಿಕೆಯಾಗದಂತೆ ನೋಡಿಕೊಳ್ಳುವುದು ಮನೆಯವರ ಹೊಣೆ.