ದೀಪದ ಚಿತ್ರ: ಒಂದು ತಿದ್ದುಪಡಿ

ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ನನ್ನಿಂದ ಪಾಠ ಕೇಳಿದ ಶಿಷ್ಯರೆಲ್ಲರಿಗೂ ನಾನೊಂದು ತಪ್ಪನ್ನು ಕಲಿಸಿದ್ದೇನೆ. ಶಾಲಾ ಪ್ರವಾಸದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋದಾಗಲೆಲ್ಲ, ದೀಪ ಹಿಡಿದು ನಿಂತ ಹೆಣ್ಣಿನ ಚಿತ್ರದ ಮುಂದೆ ನಿಮ್ಮನ್ನು ನಿಲ್ಲಿಸಿ, "ಇದು ರಾಜಾ ರವಿವರ್ಮರ ಕೃತಿ" ಎಂದು ಘಂಟಾಘೋಷವಾಗಿ ಸಾರುತ್ತಿದ್ದೆ.

ಅದು ರವಿವರ್ಮರದಲ್ಲ. ಅವರು 1906ರಲ್ಲಿಯೇ ಕಾಲವಾದರು. ಈ ಚಿತ್ರವನ್ನು 1945-46ರ ಸುಮಾರಿಗೆ ರಚಿಸಿದವರು ಸಾವಂತವಾಡಿಯ ಎಸ್. ಎಲ್. ಹಲ್ದಂಕರ್, ದೀಪ ಹಿಡಿದು ನಿಂತವಳು ಅವರ ಮಗಳು ಗೀತಾ. ಆಕೆ ನೂರು ದಾಟಿ ಬದುಕಿ 2018ರಲ್ಲಿ ತೀರಿಕೊಂಡರು.

ಇದು ಜಲವರ್ಣ ಚಿತ್ರವೆಂಬುದನ್ನೂ ನಾನು ಹೇಳಿರಲಿಲ್ಲ. ತೈಲವರ್ಣದಲ್ಲಿ ತಪ್ಪಿದ್ದನ್ನು ಮೇಲೆ ಬಳಿದು ಮುಚ್ಚಬಹುದು. ಜಲವರ್ಣದಲ್ಲಿ ಕಾಗದದ ಬಿಳುಪನ್ನೇ ಬೆಳಕಾಗಿ ಉಳಿಸಿಕೊಳ್ಳಬೇಕು. ಆಕೆಯ ಬೆರಳ ಸಂದಿನ ಕೆಂಪು, ಮುಖದ ಮೇಲಿನ ಹೊಂಬೆಳಕು ಮೂಡಿದ್ದು ಅಂಥ ಕೈಯಿಂದ.

ಇಟಲಿಯ ಪುನರುಜ್ಜೀವನ ಕಾಲದ ಲಿಯೊನಾರ್ಡೊ, ಮೈಕೆಲೆಂಜಲೊ ಹೆಸರುಗಳನ್ನು ಪರೀಕ್ಷೆಗೆಂದು ನಿಮ್ಮಿಂದ ಬಾಯಿಪಾಠ ಮಾಡಿಸಿದೆ. ಗಂಟೆಯ ಹಾದಿಯ ಮೈಸೂರಿನಲ್ಲಿರುವ ಚಿತ್ರದ ಕರ್ತೃ ಯಾರೆಂದು ವಿಚಾರಿಸಲಿಲ್ಲ! ರವಿವರ್ಮರಿಗೆ ಕೀರ್ತಿಯ ಕೊರತೆಯಿಲ್ಲ. ಅವರ ನಿಜವಾದ ಕೃತಿಗಳು ಅದೇ ಸಂಗ್ರಹದಲ್ಲಿವೆ. ದೊಡ್ಡ ಹೆಸರಿನ ನೆರಳಿನಲ್ಲಿ ಹಲ್ದಂಕರರ ಹೆಸರು ಮರೆಯಾಯಿತು, ಅದಕ್ಕೆ ಮೇಷ್ಟರಾದ ನಾವೂ ಕಾರಣರು. 1915ರಿಂದ ಚಿತ್ರಶಾಲೆಯಾಗಿರುವ ಅರಮನೆಯನ್ನು ಅರ್ಧ ಗಂಟೆಯಲ್ಲಿ ಮುಗಿಸಿ, ಮೃಗಾಲಯಕ್ಕೆ ಹೊತ್ತಾಯಿತೆಂದು ಮಕ್ಕಳನ್ನು ಓಡಿಸುವುದಕ್ಕಿಂತ, ಒಂದೇ ಚಿತ್ರದ ಮುಂದೆ ಕೂರಿಸುವುದು ಮೇಲೆಂದು ಈಗ ನನಗೆ ತೋರುತ್ತದೆ.

ನಿಮ್ಮ ಮಕ್ಕಳಿಗೆ ಆ ಚಿತ್ರವನ್ನು ತೋರಿಸುವಾಗ ಹಲ್ದಂಕರರ ಹೆಸರು ಹೇಳಿರಿ. ನಮ್ಮ ಮೇಷ್ಟರು ತಪ್ಪು ಹೇಳಿದ್ದರೆಂದೂ ಹೇಳಿರಿ, ಸಂಕೋಚ ಬೇಡ.